ಕ್ಲಚ್ ಹಿಡಿದರೆ ಪೂರ್ತಿ ಬಿಡಲ್ಲ, ಬಿಟ್ಟರೆ ಪೂರ್ತಿ ಹಿಡಿಯಲ್ಲ: ಟೈಟ್ ಮಾಡುವ ಮೊದಲು ನೋಡಬೇಕಾದ್ದು

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರು ಒಟ್ಟಿಗೆ ಬಂದಿವೆ. ಬೈಕ್‌ನ ಕ್ಲಚ್ ಲಿವರ್ ಪೂರ್ತಿ ಹಿಡಿದಿದ್ದರೂ ಗೇರ್‌ನಲ್ಲಿ ಗಾಡಿ ಮುಂದಕ್ಕೆ ಜಗ್ಗುತ್ತೆ, ನ್ಯೂಟ್ರಲ್ ಸಿಗಲ್ಲ. ಏರಿನಲ್ಲಿ ರೇಸ್ ಕೊಟ್ಟರೆ ಇಂಜಿನ್ ಕೂಗುತ್ತೆ, ಸ್ಪೀಡ್ ಏರಲ್ಲ. ಲಿವರ್ ಲೂಸ್ ಆಯಿತೆಂದು ಒಂದೇ ತಿಂಗಳಲ್ಲಿ ಎರಡು ಸಲ ಕೇಬಲ್ ಟೈಟ್ ಮಾಡಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಇನ್ನೊಂದು ಸುತ್ತು ಟೈಟ್ ಮಾಡಿ ಅಂದಿದ್ದಾರೆ. ದಯವಿಟ್ಟು ಬೇಡ. ಮೊದಲನೇ ದೂರು ಕ್ಲಚ್ ಪೂರ್ತಿ ಬಿಡದಿರುವುದರದ್ದು, ಎರಡನೆಯದು ಪೂರ್ತಿ ಹಿಡಿಯದಿರುವುದರದ್ದು. ಟೈಟ್ ಮಾಡಿದರೆ ಎರಡನೆಯದು ಕೆಡುತ್ತೆ, ಲೂಸ್ ಮಾಡಿದರೆ ಮೊದಲನೆಯದು. ಎರಡೂ ಒಟ್ಟಿಗಿದ್ದರೆ ಹೆಚ್ಚಾಗಿ ಒಂದೋ ಕೇಬಲ್ ಒಳಗೇ ಅಂಟಿಕೊಳ್ಳುತ್ತಿದೆ, ಇಲ್ಲವೇ ಕ್ಲಚ್ ಒಳಗೆ ಒಂದಕ್ಕೊಂದು ಒತ್ತಿ ಹಿಡಿಯುವ ಪ್ಲೇಟ್‌ಗಳು ಸುಟ್ಟು ಸೊಟ್ಟಗಾಗಿವೆ. ಕೇಬಲ್ ನೋಡಲು ಹತ್ತು ನಿಮಿಷ ಸಾಕು, ಪ್ಲೇಟ್ ನೋಡಲು ಆಯಿಲ್ ಇಳಿಸಿ ಕವರ್ ಬಿಚ್ಚಬೇಕು. ಹಾಗಾಗಿ ಕೇಬಲ್‌ನಿಂದ ಶುರು ಮಾಡಿ.

ಒಂದು ಸುಳಿವು ನಿಮ್ಮ ಮಾತಿನಲ್ಲೇ ಇದೆ. ಫ್ರೀ ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸಡಿಲವಾಗಿ ಆಡುವ ಅಳತೆ, ತಾನಾಗೇ ಯಾವ ಕಡೆ ಸರಿಯುತ್ತಿದೆ ಅನ್ನೋದನ್ನು ಗಮನಿಸಿ. ಪ್ಲೇಟ್ ಸವೆದರೆ ಅದು ಕಡಿಮೆ ಆಗುತ್ತಾ ಬರುತ್ತೆ. ಕೇಬಲ್ ಉದ್ದ ಆದರೆ ಹೆಚ್ಚುತ್ತೆ. ನಿಮ್ಮದು ಹೆಚ್ಚಿದೆ. ಹೊಸ ಕೇಬಲ್ ಮೊದಲ ಕೆಲವು ವಾರ ಸ್ವಲ್ಪ ಹಿಗ್ಗಿ ಸೆಟ್ ಆಗುತ್ತೆ, ಅದು ಸಹಜ. ಹಳೇ ಕೇಬಲ್ ತಿಂಗಳಿಗೆ ಎರಡು ಸಲ ಹಿಗ್ಗಲ್ಲ. ಹಾಗೆ ಆಗುತ್ತಿದ್ದರೆ ಒಳಗೆ ಎಳೆಗಳು ಒಂದೊಂದಾಗಿ ಕಡಿಯುತ್ತಿವೆ, ಇಲ್ಲವೇ ಲಾಕ್ ನಟ್ ಸಡಿಲವಾಗಿ ಅಡ್ಜಸ್ಟರ್ (ಕೇಬಲ್ ಬಿಗಿ ಹೊಂದಿಸುವ ತಿರುಪು) ಸರಿದಿದೆ.

ಲಿವರ್ ಹತ್ತಿರದ ರಬ್ಬರ್ ಕವರ್ ಹಿಂದೆ ಸರಿಸಿ. ನಿಪ್ಪಲ್‌ಗೆ (ತಂತಿಯ ತುದಿಯಲ್ಲಿರುವ ಲೋಹದ ಗುಂಡು) ಅಂಟಿಕೊಂಡ ಹಾಗೇ ಇರುವ ಅರ್ಧ ಇಂಚು ತಂತಿಯನ್ನು ಬೆಳಕಲ್ಲಿ ನೋಡಿ. ಮುಳ್ಳಿನ ಹಾಗೆ ಒಂದು ಎಳೆ ಎದ್ದಿದ್ದರೂ ಅದು ಅಡ್ಜಸ್ಟರ್ ತೂತಿಗೆ ಸಿಕ್ಕಿ, ಎಳೆಯುವಾಗಲೂ ತಡೆಯುತ್ತೆ, ವಾಪಸ್ ಬರುವಾಗಲೂ ತಡೆಯುತ್ತೆ. ನಿಮ್ಮ ಎರಡೂ ದೂರಿಗೆ ಇದೊಂದೇ ಸಾಕು. ಎಳೆ ಕಡಿದ ಕೇಬಲ್‌ಗೆ ಆಯಿಲ್ ಬಿಟ್ಟು ಪ್ರಯೋಜನವಿಲ್ಲ, ಬದಲಾಯಿಸಿ. ಹೊಸದು ಹಾಕುವಾಗ ನಿಪ್ಪಲ್‌ಗೆ ಚೂರು ಗ್ರೀಸ್ ಸವರಿ. ಅದು ಲಿವರ್ ಒಳಗೆ ತಿರುಗದಿದ್ದರೆ ಪ್ರತಿ ಸಲ ಹಿಡಿದಾಗಲೂ ತಂತಿ ಅದೇ ಜಾಗದಲ್ಲಿ ಬಾಗಿ ಮತ್ತೆ ಅಲ್ಲೇ ಕಡಿಯುತ್ತೆ.

ಎಳೆ ಸರಿಯಿದ್ದರೆ ಇಂಜಿನ್ ಕಡೆಯ ತುದಿ ಬಿಚ್ಚಿ ತಂತಿಯನ್ನು ಬೆರಳಲ್ಲಿ ಎಳೆದು ನೋಡಿ, ಎಲ್ಲೂ ತಡೆಯದೆ ಜಾರಬೇಕು. ಹಾಗೇ ಕೇಬಲ್ ಎಳೆಯುವ, ಇಂಜಿನ್ ಮೇಲಿನ ಆರ್ಮ್ ಅನ್ನು ಕೈಯಲ್ಲಿ ತಿರುಗಿಸಿ: ಸ್ವಲ್ಪ ಸಡಿಲ ಓಡಾಟ, ಆಮೇಲೆ ಗಟ್ಟಿ ಸ್ಪ್ರಿಂಗ್, ಬಿಟ್ಟರೆ ತಾನಾಗೇ ವಾಪಸ್. ವಾಪಸ್ ಬರದಿದ್ದರೆ ಆರ್ಮ್ ಶಾಫ್ಟ್‌ಗೆ ತುಕ್ಕು ಹಿಡಿದಿದೆ ಅಥವಾ ಅದರ ಚಿಕ್ಕ ಸ್ಪ್ರಿಂಗ್ ಹೋಗಿದೆ.

ಈಗ ಅಡ್ಜಸ್ಟ್‌ಮೆಂಟ್, ಇಂಜಿನ್ ತಣ್ಣಗಿದ್ದಾಗ. ಲಿವರ್ ಹತ್ತಿರದ ಅಡ್ಜಸ್ಟರ್ ಪೂರ್ತಿ ಒಳಗೆ ಹಾಕಿ, ಒಂದೆರಡು ಸುತ್ತು ಮಾತ್ರ ಹೊರಗೆ ತನ್ನಿ. ಕ್ಲಚ್ ಕವರ್ ಮೇಲೆ ಮುಚ್ಚಳದ ಕೆಳಗೆ ಸ್ಕ್ರೂ, ಲಾಕ್ ನಟ್ ಇರುವ ಇಂಜಿನ್ ಆದರೆ ಮೊದಲು ಅದು: ಕೇಬಲ್ ಸಡಿಲವಿರುವಾಗ ಲಾಕ್ ನಟ್ ಬಿಟ್ಟು, ಸ್ಕ್ರೂ ಒಳಗೆ ಮೆಲ್ಲಗೆ ತಾಗುವವರೆಗೆ ಹಾಕಿ, ಸಾಮಾನ್ಯವಾಗಿ ಕಾಲು ಸುತ್ತು ಹಿಂದಕ್ಕೆ. ಎಷ್ಟು ಹಿಂದಕ್ಕೆ ಅನ್ನೋದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿರುತ್ತೆ. ನಟ್ ಬಿಗಿಯುವಾಗ ಸ್ಕ್ರೂ ಡ್ರೈವರ್ ಅಲುಗಿಸಬೇಡಿ, ನಟ್ ಜೊತೆ ಸ್ಕ್ರೂ ಕೂಡ ತಿರುಗಿ ಸೆಟ್ಟಿಂಗ್ ಹೋಗೋದು ಇಲ್ಲೇ.

ನಂತರ ಕೆಳಗೆ, ಇಂಜಿನ್ ಕಡೆಯ ಅಡ್ಜಸ್ಟರ್‌ನ ಎರಡು ನಟ್. ಒಂದನ್ನು ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡು ಇನ್ನೊಂದನ್ನು ಬಿಗಿಯಿರಿ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಡಬೇಕು, ಹೆಚ್ಚಿನ ಚಿಕ್ಕ ಗಾಡಿಗಳಿಗೆ ಇದೇ ಅಳತೆ. ಕಣ್ಣಂದಾಜು ಬೇಡ, ಸ್ಕೇಲ್ ಇಡಿ. ಲಿವರ್ ನಾಲ್ಕೈದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು ಮತ್ತೆ ಅಳೆಯಿರಿ, ಕೇಬಲ್‌ನ ಹೊರಗಿನ ಕೊಳವೆ ಕೂತ ಮೇಲೆ ಒಂದೆರಡು ಮಿ.ಮೀ. ಬದಲಾಗುತ್ತೆ. ಉಳಿದ ಚೂರುಪಾರು ಮೇಲಿನ ಅಡ್ಜಸ್ಟರ್‌ನಲ್ಲಿ. ಅದರ ಸೀಳು, ಹೋಲ್ಡರ್ ಸೀಳು ಒಂದೇ ಸಾಲಿಗೆ ಬರಬಾರದು, ನೀರು ಇಳಿಯುತ್ತೆ. ಕೊನೆಗೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಫ್ರೀ ಪ್ಲೇ ಬದಲಾದರೆ ಕೇಬಲ್ ಹೋಗಿರುವ ದಾರಿ ತಪ್ಪಿದೆ.

ಫ್ರೀ ಪ್ಲೇ ಸರಿಯಿದ್ದೂ ಕ್ಲಚ್ ಪೂರ್ತಿ ಬಿಡದಿದ್ದರೆ ಆರ್ಮ್ ಕೋನ ನೋಡಿ. ಲಿವರ್ ಅರ್ಧ ಹಿಡಿದಾಗ ಆರ್ಮ್‌ಗೂ ತಂತಿಗೂ ನಡುವೆ ಸುಮಾರು 90 ಡಿಗ್ರಿ ಇರಬೇಕು. ಶುರುವಿನಲ್ಲೇ ಅದನ್ನು ದಾಟಿದ್ದರೆ ನೀವು ಎಳೆದದ್ದರಲ್ಲಿ ಒಂದಷ್ಟು ವ್ಯರ್ಥ. ಆರ್ಮ್ ಬಿಚ್ಚಿ ಹಾಕಿದವರು ಅದು ಕೂರುವ ಶಾಫ್ಟ್‌ನ ಒಂದು ಹಲ್ಲು ತಪ್ಪಿಸಿದ್ದರೆ ಹೀಗಾಗುತ್ತೆ.

ಪರೀಕ್ಷೆ: ಸೆಂಟರ್ ಸ್ಟ್ಯಾಂಡ್ ಹಾಕಿ, ಬಿಸಿ ಇಂಜಿನ್, ಕ್ಲಚ್ ಹಿಡಿದು ಮೊದಲ ಗೇರ್. ಹಿಂದಿನ ಚಕ್ರ ನಿಧಾನ ತಿರುಗಿದರೆ ಗಾಬರಿ ಬೇಡ, ಪ್ಲೇಟ್ ನಡುವಿನ ಆಯಿಲ್ ಎಳೆಯುತ್ತೆ. ಬ್ರೇಕ್ ಮೆಲ್ಲಗೆ ಒತ್ತಿದರೆ ಇಂಜಿನ್ ಆಫ್ ಆಗದೆ, ಕುಗ್ಗದೆ ಚಕ್ರ ನಿಲ್ಲಬೇಕು. ಬೆಳಿಗ್ಗೆ ತಣ್ಣಗಿರುವಾಗ ಮೊದಲ ಗೇರ್ ಟಕ್ ಅನ್ನೋದೂ ಇದೇ ಕಾರಣಕ್ಕೆ, ಅದನ್ನು ಕೇಬಲ್ ಬಿಗಿದು ಸರಿಮಾಡಲು ಹೋಗಬೇಡಿ.

ಆಯಿಲ್ ಬದಲಾಯಿಸಿದ ಮೇಲೆ ಕ್ಲಚ್ ಜಾರಲು ಶುರುವಾಗಿದ್ದರೆ ಡಬ್ಬಿ ನೋಡಿ. ಈ ಕ್ಲಚ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವುದರಿಂದ ಡಬ್ಬಿ ಮೇಲೆ ಜಾಸೋ (JASO, ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತಿರಬೇಕು. ಎಂಬಿ ಅಂತಿದ್ದರೆ, ಅಥವಾ ಇಂಧನ ಉಳಿತಾಯಕ್ಕೆಂದು ಮಾಡಿದ ಕಾರಿನ ಆಯಿಲ್ ಆದರೆ ಪ್ಲೇಟ್ ಜಾರಬಹುದು. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೂ ಕ್ಲಚ್ ಸರಿಯಾಗಿ ಬಿಡಲ್ಲ.

ಇಷ್ಟಾದರೂ ಎರಡು ದೂರೂ ಉಳಿದರೆ ಕವರ್ ಬಿಚ್ಚಿ. ಸ್ಟೀಲ್ ಪ್ಲೇಟ್ ನೀಲಿಗಟ್ಟಿದ್ದರೆ ಬಿಸಿಗೆ ಬೆಂದಿದೆ. ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ. ಹೆಚ್ಚಿನ ಚಿಕ್ಕ ಇಂಜಿನ್‌ಗಳಲ್ಲಿ 0.2 ಮಿ.ಮೀ. ನುಗ್ಗಿದರೆ ಅದು ಕಸಕ್ಕೆ. ಪ್ಲೇಟ್‌ಗಳು ಕೂರುವ ಕ್ಲಚ್ ಹೌಸಿಂಗ್‌ನ ಬೆರಳಿನಂಥ ಪಟ್ಟಿಗಳ ಅಂಚಲ್ಲಿ ಉಗುರು ಸವರಿ, ಕಚ್ಚು ಬಿದ್ದಿದ್ದರೆ ಪ್ಲೇಟ್ ಅಲ್ಲೇ ಸಿಕ್ಕಿಕೊಂಡು ಬಿಡಲ್ಲ. ಹೊಸ ಪ್ಲೇಟ್ ತಂದು ಈ ಕಚ್ಚು ಹಾಗೇ ಬಿಟ್ಟರೆ ದೂರು ವಾಪಸ್ ಬರುತ್ತೆ. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು (ಸ್ಟೀಲ್ ಪ್ಲೇಟ್‌ಗಳ ನಡುವೆ ಕೂರುವವು) ಒಂದು ರಾತ್ರಿ ಇಂಜಿನ್ ಆಯಿಲ್‌ನಲ್ಲಿ ನೆನೆಸಿ. ಸ್ಪ್ರಿಂಗ್ ಬದಲಾಯಿಸಿದರೆ ಪೂರ್ತಿ ಸೆಟ್, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. 6 ಮಿ.ಮೀ. ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಜೋರು ಮಾಡಿದರೆ ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಂಬ ಮುರಿಯುತ್ತೆ.

ಮೊದಲು ನಿಪ್ಪಲ್ ಹತ್ತಿರದ ತಂತಿಯ ಒಂದು ಫೋಟೋ ಹಾಕಿ.