ಆರ್‌ಎಕ್ಸ್ 100 (ಯಮಹಾ ಬೈಕ್): ಪ್ಲಗ್, ಬ್ಯಾಟರಿ ಹೊಸದು, ಆದರೂ ಕರೆಂಟು ಇಲ್ಲ

ಮಲ್ಪೆಯಲ್ಲಿ ಮಳೆಗಾಲ ಪೂರ್ತಿ ನಿಂತಿದ್ದ ಗಾಡಿ; ಪ್ಲಗ್, ಬ್ಯಾಟರಿ ಬದಲಿಸಿಯೂ ಕಿಡಿ ಇಲ್ಲ; ಸಿಡಿಐ (ಹೊತ್ತಿಗೆ ಸರಿಯಾಗಿ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ) ಹೋಗಿದೆ ಅಂದಿದ್ದಾರೆ, ತರಲೇ ಎಂದು ಕೇಳಿದ್ದೀರಿ. ಸದ್ಯ ಬೇಡ. ಬ್ಯಾಟರಿಗೆ ಹಾಕಿದ ದುಡ್ಡೂ ದಂಡವೇ. ಈ ಗಾಡಿಯಲ್ಲಿ ಕಿಡಿಗೆ ಬೇಕಾದ ಕರೆಂಟು ನೇರ, ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಕಾಯಿಲ್‌ನಿಂದ ಬರುತ್ತದೆ, ಬ್ಯಾಟರಿ ಬಿಚ್ಚಿಟ್ಟರೂ ಸ್ಟಾರ್ಟ್ ಆಗಬೇಕು.

ಪೆಟ್ರೋಲ್ ಕಾಕ್ ಮುಚ್ಚಿ. ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿ, ವಯರಿನ ತುದಿ ನೋಡಿ. ತಾಮ್ರ ಹಸಿರಾಗಿ ಕಿಲುಬು ಹಿಡಿದಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ. ಹಿಡಿಗೆ ರಬ್ಬರ್ ಇರುವ ಇಕ್ಕಳದಲ್ಲಿ ಆ ತುದಿಯನ್ನು ಎಂಜಿನ್‌ನಿಂದ 5 ಮಿ.ಮೀ. ದೂರ ಹಿಡಿದು, ಇನ್ನೊಬ್ಬರಿಂದ ಕಿಕ್ ಹೊಡೆಸಿ. ಅದಕ್ಕಿಂತ ದೂರ ಬೇಡ, ಕಿಡಿ ಅಷ್ಟು ದೂರ ಹಾರಲಾಗದಿದ್ದರೆ, ಕಿಡಿಯ ವೋಲ್ಟೇಜ್ ಏರಿಸುವ ಎಚ್‌ಟಿ ಕಾಯಿಲ್‌ಗೇ ಪೆಟ್ಟು. ನೀಲಿ ಕಿಡಿ ಚಟ್ ಎಂದರೆ ಕ್ಯಾಪ್ ಮಾತ್ರ ಹೋಗಿರುವುದು.

ಬರಲಿಲ್ಲವೇ? ಸಿಡಿಐನಿಂದ ಕೀ ಸ್ವಿಚ್‌ಗೆ ಹೋಗುವ ಕಪ್ಪು-ಬಿಳಿ ವಯರನ್ನು ಸಿಡಿಐ ಹತ್ತಿರ ಬಿಡಿಸಿ (ಯಾರಾದರೂ ವಯರಿಂಗ್ ಮುಟ್ಟಿದ್ದರೆ ಬಣ್ಣ ನಂಬಬೇಡಿ, ಎಳೆ ಹಿಡಿದು ನೋಡಿ). ಕೀ ಆಫ್ ಮಾಡಿದಾಗ ಈ ವಯರು ಅರ್ತ್ ಆಗಿ (ಗಾಡಿಯ ಲೋಹದ ಮೈಗೆ ಸೇರಿ) ಕಿಡಿ ನಿಲ್ಲುತ್ತದೆ. ಸ್ವಿಚ್ಚಿನೊಳಗೆ ನೀರು, ಉಪ್ಪು ಸೇರಿದರೆ ಕೀ ಆನ್ ಇದ್ದರೂ ಅದು ಅರ್ತ್ ಆಗಿಯೇ ಇರುತ್ತದೆ. ಕಡಲ ಬದಿಯಲ್ಲಿ ನಿಂತ ಗಾಡಿಯಲ್ಲಿ ನನ್ನ ಮೊದಲ ಸಂಶಯ ಇದರ ಮೇಲೆಯೇ. ವಯರು ಬಿಡಿಸಿದ ಕೂಡಲೇ ಕಿಡಿ ಬಂದರೆ ಸ್ವಿಚ್ ಬದಲಿಸಿ. ಅಲ್ಲಿವರೆಗೆ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ, ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಡಬೇಕು.

ಮುಂದೆ ಟ್ಯಾಂಕಿನಡಿಯ ಎಚ್‌ಟಿ ಕಾಯಿಲ್. ಅದರ ಬೋಲ್ಟು ಕೂರುವ ಜಾಗ ತುಕ್ಕು ಹಿಡಿದರೆ ಅರ್ತ್ ಸಿಗದು. ಎಮರಿ ಪೇಪರ್ ಹಾಕಿ ಹೊಳೆಯುವಷ್ಟು ಉಜ್ಜಿ.

ನಂತರ ಮಲ್ಟಿಮೀಟರಿನಲ್ಲಿ ಮ್ಯಾಗ್ನೆಟ್‌ನಿಂದ ಬರುವ ಸೋರ್ಸ್ ಕಾಯಿಲ್ (ಕಿಡಿಗೆ ಕರೆಂಟು ಕೊಡುವುದು), ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವುದು) ನೋಡಿ. ಓಮ್ಸ್‌ನಲ್ಲಿಟ್ಟ ಮೀಟರ್ ಸಂಪರ್ಕವೇ ಇಲ್ಲವೆಂದು ತೋರಿಸಿದರೆ ಒಳಗೆ ತಂತಿ ಕಡಿದಿದೆ. ತಣ್ಣಗಿದ್ದಾಗ ಸರಿ ತೋರಿಸಿ, ಬಿಸಿಯಾದಾಗ ಕೈಕೊಡುವುದೂ ಉಂಟು. ಕಾಯಿಲ್ ಬದಲಿಸಲು ಮ್ಯಾಗ್ನೆಟ್ ತೆಗೆಯುವುದಾದರೆ ಪುಲ್ಲರ್ (ಅದನ್ನು ಎಳೆದು ತೆಗೆಯುವ ಉಪಕರಣ) ಬೇಕೇ ಬೇಕು, ಸುತ್ತಿಗೆಯಲ್ಲಿ ಬಡಿಯಲು ಬಿಡಬೇಡಿ ಮಾರಾಯ್ರೇ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸಿಡಿಐ. ಅದನ್ನು ಮೀಟರಿನಲ್ಲಿ ನಂಬುವ ಹಾಗೆ ಪರೀಕ್ಷಿಸಲಾಗದು. ಓಡುತ್ತಿರುವ ಇನ್ನೊಂದು ಆರ್‌ಎಕ್ಸ್ 100ರದ್ದು ಹತ್ತು ನಿಮಿಷಕ್ಕೆ ಕೇಳಿ ತಂದು ಹಾಕಿ ನೋಡಿ, ಕಿಡಿ ಬಂದರೆ ಆಮೇಲೆ ಅಂಗಡಿಗೆ ಹೋಗಿ.