ಓದುಗರ ಪ್ರಶ್ನೆ: ವೀಲರ್ ಪೀಕ್ ಹತ್ತೋಣವಾ?

ಎರಡು ಸಂಚಿಕೆ ಹಿಂದೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಬರೆಯುತ್ತಾ, "ವೀಲರ್ ಪೀಕ್ ಆ ರಾಜ್ಯದ ಅತಿ ಎತ್ತರದ ಶಿಖರ, ಸ್ಕೀ ರೆಸಾರ್ಟ್ ಪಕ್ಕದಲ್ಲೇ ಇದೆ, ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು" ಎಂದು ಒಂದು ಸಾಲು ಸೇರಿಸಿದ್ದೆ. ಅದು ಈಗ ನನ್ನ ಕುತ್ತಿಗೆಗೇ ಬಂದಿದೆ. ಬಂದ ಪತ್ರಗಳನ್ನು ನೋಡಿದರೆ ಎಲ್ಲರೂ "ಪಕ್ಕದಲ್ಲೇ" ಅನ್ನುವ ಪದವನ್ನು ಮಾತ್ರ ಓದಿದ ಹಾಗಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದೊಂದೇ ಬೆಟ್ಟಕ್ಕೆ.

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ. ವಯಸ್ಸು 29. ಊರಲ್ಲಿದ್ದಾಗ ಕುಮಾರ ಪರ್ವತ ಎರಡು ಸಲ ಹತ್ತಿದ್ದೇನೆ, ವಾರಕ್ಕೆ ಮೂರು ದಿನ ಓಡುತ್ತೇನೆ. ಶುಕ್ರವಾರ ಆಫೀಸ್ ಮುಗಿಸಿ ರಾತ್ರಿ ಪೂರ್ತಿ ಕಾರು ಓಡಿಸಿ, ಶನಿವಾರ ಬೆಳಿಗ್ಗೆ ವೀಲರ್ ಪೀಕ್ ಹತ್ತಿ, ಭಾನುವಾರ ವಾಪಸ್ ಬರಬಹುದಾ?
— ಡಲ್ಲಾಸ್‌ನ ಓದುಗ

ಉತ್ತರ: ನಿಮ್ಮ ಕಾಲಿನ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ನಿಮ್ಮ ಶುಕ್ರವಾರ ರಾತ್ರಿಯ ಬಗ್ಗೆ.

ಲೆಕ್ಕ ನೋಡಿ. ಡಲ್ಲಾಸ್ ಸಮುದ್ರ ಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲ, ಐನೂರು ಅಡಿಯೂ ಇಲ್ಲ. ಬೆಟ್ಟದ ಕೆಳಗಿರುವ ಟೌಸ್ ಪೇಟೆಯೇ ಸುಮಾರು 7,000 ಅಡಿ ಎತ್ತರದಲ್ಲಿದೆ. (ಬರೆಯುವಾಗ ಟಾವೋಸ್ ಅನ್ನುವ ಹಾಗೆ ಕಂಡರೂ ಅಲ್ಲಿಯವರು ಹೇಳುವುದು ಟೌಸ್.) ಅಂದರೆ ನೀವು ಕಾರಿನಿಂದ ಇಳಿದು ಕಾಫಿ ಕುಡಿಯುವ ಜಾಗವೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ! ಸ್ಕೀ ರೆಸಾರ್ಟ್ ಇರುವ ಕಣಿವೆ 9,200 ಅಡಿ, ನಡಿಗೆ ಶುರುವಾಗುವ ಜಾಗ ಸುಮಾರು 10,200 ಅಡಿ, ತುದಿ 13,161 ಅಡಿ, ನಮ್ಮ ಲೆಕ್ಕದಲ್ಲಿ 4,011 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಅರವತ್ತರಷ್ಟು ಮಾತ್ರ. ನೀವು ಡಲ್ಲಾಸ್‌ನಲ್ಲಿ ಒಂದು ಉಸಿರಿಗೆ ಎಳೆದುಕೊಳ್ಳುವ ಆಮ್ಲಜನಕಕ್ಕೆ ಅಲ್ಲಿ ಹೆಚ್ಚುಕಡಿಮೆ ಒಂದೂವರೆ ಉಸಿರು ಬೇಕು.

ಇದಕ್ಕೂ ಓಟದ ಅಭ್ಯಾಸಕ್ಕೂ ಸಂಬಂಧವೇ ಇಲ್ಲ, ಜನ ಇದನ್ನು ನಂಬುವುದಿಲ್ಲ. ಮ್ಯಾರಥಾನ್ ಓಡುವವರು ತಲೆ ಹಿಡಿದುಕೊಂಡು ಬಂಡೆ ಮೇಲೆ ಕೂತಿರುತ್ತಾರೆ, ಪಕ್ಕದಲ್ಲಿ ಹೊಟ್ಟೆ ಬಂದವರೊಬ್ಬರು ನಿಧಾನವಾಗಿ ಹತ್ತಿ ಹೋಗುತ್ತಾರೆ. ದೇಹ ಎತ್ತರಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು, ಅಷ್ಟೇ. ನಿಜ ಹೇಳಬೇಕೆಂದರೆ ಗಟ್ಟಿ ಕಾಲಿನವರಿಗೇ ಅಪಾಯ ಜಾಸ್ತಿ. ಅವರು ಬೇಗ ಮೇಲೆ ಹೋಗಿಬಿಡುತ್ತಾರೆ, ತಲೆನೋವು ಶುರುವಾಗುವ ಹೊತ್ತಿಗೆ ತುಂಬಾ ಎತ್ತರದಲ್ಲಿರುತ್ತಾರೆ.

ನಿಮ್ಮ ಯೋಜನೆಯಲ್ಲಿ ಇನ್ನೂ ಒಂದು ತೊಂದರೆ ಇದೆ. ಹತ್ತು ಗಂಟೆಗೂ ಜಾಸ್ತಿ ನಿದ್ದೆಗೆಟ್ಟು ಕಾರು ಓಡಿಸಿದ ಮನುಷ್ಯನಿಗೆ ತಲೆನೋವು ಬಂದರೆ ಅದು ನಿದ್ದೆಗೇಡಿನದ್ದೋ ಎತ್ತರದ್ದೋ ಅವನಿಗೇ ಗೊತ್ತಾಗುವುದಿಲ್ಲ. "ನಿದ್ದೆ ಇಲ್ಲ ಅಲ್ವಾ, ಅದಕ್ಕೇ" ಅಂದುಕೊಂಡು ಹತ್ತುತ್ತಲೇ ಇರುತ್ತಾನೆ. ತಲೆ ಸಿಡಿತದ ಜೊತೆ ವಾಕರಿಕೆ, ಊಟ ಬೇಡ ಅನ್ನಿಸುವುದು, ನಡೆಯುವಾಗ ತೂರಾಡುವುದು, ಸುಮ್ನೆ ಕೂತಾಗಲೂ ಏದುಸಿರು, ಇದರಲ್ಲಿ ಯಾವುದು ಬಂದರೂ ಇಳಿಯಬೇಕು. ಕಾಯುವುದಲ್ಲ, ಮಾತ್ರೆ ನುಂಗಿ ಮುಂದೆ ಹೋಗುವುದೂ ಅಲ್ಲ. ಒಂದೆರಡು ದಿನ ರಜೆ ಹಾಕಿ. ಒಂದು ರಾತ್ರಿ ಪೇಟೆಯಲ್ಲಿ, ಇನ್ನೊಂದು ರಾತ್ರಿ ಸ್ಕೀ ಕಣಿವೆಯಲ್ಲಿ ಮಲಗಿ, ಆಮೇಲೆ ಹತ್ತಿ. ಮೈ ಎತ್ತರಕ್ಕೆ ಒಗ್ಗಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕಾ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ಅದನ್ನು ಮೊದಲೇ ಹೇಳಿ. ಆ ಮಾತ್ರೆ ತಗೊಂಡರೆ ಬೆರಳು ಜುಮ್ಮೆನ್ನುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಗಾಬರಿಯಾಗಬೇಡಿ.

ಪ್ರಶ್ನೆ: ರೆಸಾರ್ಟಿನ ಚೇರ್‌ಲಿಫ್ಟ್‌ನಲ್ಲೇ ಶಿಖರಕ್ಕೆ ಹೋಗಬಹುದಾ?
— ಮಂಡಿ ನೋವಿನವರು, ಬೆಂಗಳೂರು

ಉತ್ತರ: ಆಗುವುದಿಲ್ಲ. ಅಲ್ಲಿನ ಅತಿ ಎತ್ತರದ ಲಿಫ್ಟ್ ಹೋಗುವುದು ಕಚಿನಾ ಪೀಕ್ ಎಂಬ ಇನ್ನೊಂದು ಬೆಟ್ಟಕ್ಕೆ, ಅದೂ ಚಳಿಗಾಲದಲ್ಲಿ ಸ್ಕೀ ಮಾಡುವವರಿಗಾಗಿ. ವೀಲರ್ ಪೀಕ್ ಇರುವುದು 1964ರ ಕಾನೂನಿನಲ್ಲಿ ವೈಲ್ಡರ್‌ನೆಸ್ ಎಂದು ಕಾಯ್ದಿಟ್ಟ ಕಾಡಿನಲ್ಲಿ. ಲಿಫ್ಟ್ ಇರಲಿ, ಅಲ್ಲಿ ಸೈಕಲ್ ತುಳಿಯುವ ಹಾಗೂ ಇಲ್ಲ.

ಪ್ರಶ್ನೆ: ದಾರಿ ಎರಡಿವೆಯಂತೆ. ಯಾವುದು ಒಳ್ಳೆಯದು? ಪರ್ಮಿಟ್ ಬೇಕಾ?
— ಹ್ಯೂಸ್ಟನ್‌ನಿಂದ ಮೂವರು ಗೆಳತಿಯರು

ಉತ್ತರ: ಹಗಲು ಹೋಗಿ ಹಗಲೇ ಬರುವವರಿಗೆ ಪರ್ಮಿಟ್ ಬೇಕಿಲ್ಲ. ದಾರಿಗಳಲ್ಲಿ ಒಂದು ವಿಲಿಯಮ್ಸ್ ಲೇಕ್ ಕಡೆಯಿಂದ, ಇನ್ನೊಂದು ಬುಲ್ ಆಫ್ ದ ವುಡ್ಸ್ ಕಡೆಯಿಂದ.

ಮೊದಲನೆಯದು ಚಿಕ್ಕದು, ಕಡಿದು. ಹೋಗಿ ಬರುವುದು ಸೇರಿ ಸುಮಾರು 8 ಮೈಲಿ, ಏರಬೇಕಾದ್ದು ಹತ್ತಿರ ಹತ್ತಿರ 3,000 ಅಡಿ. ಶುರುವಿನಲ್ಲಿ ಲಿಫ್ಟಿನ ಕಂಬಗಳ ಪಕ್ಕದಲ್ಲೇ ನಡೆಯುತ್ತೀರಿ, ಆಮೇಲೆ ಸ್ಪ್ರೂಸ್ ಮರಗಳ ನೆರಳು, ತಂಪು, ಕಲ್ಲು, ಬೇರು. ಎರಡು ಮೈಲಿ ಆದಮೇಲೆ ಕೆರೆಗೆ ಇನ್ನೇನು ಬಂದೆವು ಅನ್ನುವಾಗ ಶಿಖರದ ದಾರಿ ಎಡಕ್ಕೆ ಒಡೆಯುತ್ತದೆ. ಮಾತಾಡಿಕೊಂಡು ಹೋಗುವವರು ಇದನ್ನು ದಾಟಿ ನೇರ ಕೆರೆಗೇ ಹೋಗಿಬಿಡುತ್ತಾರೆ, ನೀವು ಮೂವರು ಗೆಳತಿಯರು ಅಂತ ಬರೆದಿದ್ದರಿಂದ ಒಂದು ಮಾತು ಹೇಳಿದೆ. ಅಲ್ಲಿಂದ ಮುಂದಿನ ಎರಡು ಮೈಲಿಯೇ ಅಸಲಿ ಕೆಲಸ. 12,000 ಅಡಿಯ ಆಸುಪಾಸಿನಲ್ಲಿ ಮರ ಮುಗಿಯುತ್ತದೆ. ಆಮೇಲೆ ಬರೀ ಕಲ್ಲುಚೂರು, ಅದರ ಮೇಲೆ ಅಂಕುಡೊಂಕು ದಾರಿ, ಗಾಳಿ. ಹತ್ತು ಹೆಜ್ಜೆಗೆ ಒಂದು ಸಲ ನಿಲ್ಲುತ್ತಿದ್ದವರು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ.

ಎರಡನೆಯದು ಸುಮಾರು ಎರಡು ಪಟ್ಟು ಉದ್ದ. ಏರು ಹದವಾಗಿದೆ, ನೋಟ ದೊಡ್ಡದು, ಆದರೆ ತುಂಬಾ ಹೊತ್ತು ಬಯಲಲ್ಲಿ, ಏಣಿನ (ಬೆಟ್ಟದ ನೆತ್ತಿಯ ಸಾಲಿನ) ಮೇಲೆ ಇರಬೇಕು. ಕೊನೆಯಲ್ಲಿ ಮೌಂಟ್ ವಾಲ್ಟರ್ ಎಂಬ ತುದಿ ಸಿಗುತ್ತದೆ, 13,141 ಅಡಿ. ಬಂದೇಬಿಟ್ಟೆವು ಎಂದು ಅಲ್ಲಿ ಕೇಕೆ ಹಾಕುವವರಿದ್ದಾರೆ. ಇನ್ನೂ 20 ಅಡಿ ಜಾಸ್ತಿ ಎತ್ತರದ ವೀಲರ್ ಮುಂದೆ ನಿಂತಿರುತ್ತದೆ. ಮೊದಲ ಸಲಕ್ಕೆ ಕೆರೆಯ ದಾರಿಯೇ ಸಾಕು.

ಅಂದಹಾಗೆ ಫೋನಿನ ಮ್ಯಾಪ್‌ನಲ್ಲಿ ಹುಡುಕುವಾಗ ರಾಜ್ಯದ ಹೆಸರನ್ನೂ ಹಾಕಿ. ನೆವಾಡಾದಲ್ಲೂ ಒಂದು ವೀಲರ್ ಪೀಕ್ ಇದೆ, ಅದೂ 13,000 ಅಡಿ ಮೇಲಿನದ್ದೇ. ಎರಡಕ್ಕೂ ಹೆಸರು ಬಂದದ್ದು ಒಬ್ಬನೇ ಮನುಷ್ಯನಿಂದ, 1870ರ ದಶಕದಲ್ಲಿ ಅಮೆರಿಕದ ಪಶ್ಚಿಮ ಭಾಗವನ್ನು ಅಳೆಯುತ್ತಾ ತಿರುಗಿದ ಸೈನ್ಯದ ಅಧಿಕಾರಿ ಜಾರ್ಜ್ ವೀಲರ್.

ಪ್ರಶ್ನೆ: ಮಧ್ಯಾಹ್ನದೊಳಗೆ ಇಳಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಜುಲೈಯಲ್ಲಿ ಸಂಜೆ ಎಂಟರವರೆಗೂ ಬೆಳಕಿರುತ್ತದಲ್ಲ, ಅಷ್ಟು ಅವಸರ ಯಾಕೆ?
— ಆಸ್ಟಿನ್‌ನ ಓದುಗ

ಉತ್ತರ: ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ, ಬೆಟ್ಟದ ಮೇಲೆ ಉತ್ತರ ಸಿಕ್ಕಿತು.

ಮೊದಲ ಸಲ ಹೋದಾಗ ನಾವು ಆರಾಮಾಗಿ ತಿಂಡಿ ತಿಂದು ಒಂಬತ್ತೂವರೆಗೆ ಹೊರಟೆವು. ಆಕಾಶ ತೊಳೆದಿಟ್ಟ ಹಾಗಿತ್ತು. ಹನ್ನೆರಡಕ್ಕೆ ಒಂದು ಬಿಳಿ ಮೋಡ, ಹತ್ತಿಯ ಉಂಡೆಯಂಥದ್ದು, ಫೋಟೋ ಕೂಡ ತೆಗೆದೆ. ಒಂದು ಗಂಟೆಗೆ ನಾವು ಕಲ್ಲುಚೂರಿನ ಮಧ್ಯದಲ್ಲಿದ್ದೆವು, ತುದಿ ಕಣ್ಣೆದುರಿಗಿತ್ತು, ಆ ಮೋಡದ ಹೊಟ್ಟೆ ಕಪ್ಪಾಗಿತ್ತು. "ಇನ್ನರ್ಧ ಗಂಟೆ, ಮುಟ್ಟಿ ಬರೋಣ" ಅಂದ ನನ್ನ ಜೊತೆಗಾರ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಅಲ್ಯುಮಿನಿಯಂ ಕೋಲು ಜುಂಯ್ ಅನ್ನತೊಡಗಿತು. ಜೇನುನೊಣ ಅಂದುಕೊಂಡೆ. ಆ ಎತ್ತರದಲ್ಲಿ ಎಲ್ಲಿಯ ಜೇನು? ತೋಳಿನ ಕೂದಲು ನೆಟ್ಟಗಾದಾಗ ಬುದ್ಧಿ ಬಂತು, ಅದು ಸಿಡಿಲು ಬಡಿಯುವ ಮುನ್ಸೂಚನೆ. ಓಡಿ, ಜಾರಿ, ಕೂತು, ಮರಗಳ ಸಾಲಿಗೆ ಬರುವ ಹೊತ್ತಿಗೆ ಆಲಿಕಲ್ಲು, ಮೇಲೆ ಏಣಿನ ಮೇಲೆ ಸಿಡಿಲು. ಜೊತೆಗಾರ ಎರಡು ದಿನ ಮಾತಾಡಲಿಲ್ಲ. ಹೆದರಿದ್ದಕ್ಕೋ ಶಿಖರ ತಪ್ಪಿದ್ದಕ್ಕೋ, ಇವತ್ತಿಗೂ ಹೇಳಿಲ್ಲ.

ಆ ಭಾಗಕ್ಕೂ ಒಂದು ಮಳೆಗಾಲವಿದೆ. ಜುಲೈ ಮೊದಲಿಂದ ಸೆಪ್ಟೆಂಬರ್ ನಡುವಿನವರೆಗೆ ದಕ್ಷಿಣದಿಂದ ತೇವದ ಗಾಳಿ ಬರುತ್ತದೆ. ಬೆಳಗಿನ ಬಿಸಿಲಿಗೆ ಬೆಟ್ಟದ ಮೈ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಮಧ್ಯಾಹ್ನಕ್ಕೆ ಗುಡುಗು-ಸಿಡಿಲು. ಮರವಿಲ್ಲದ ಬೋಳು ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ತಲೆ. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಆಗಲೇ ತಡವಾಗಿದೆ. ಏಣು ಬಿಟ್ಟು ಕೆಳಗಿಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗುಂಪಾಗಿದ್ದರೆ ಬಿಡಿಬಿಡಿಯಾಗಿ ಇರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಆಗುವವರೆಗೆ ಮತ್ತೆ ಮೇಲೆ ಹೋಗುವ ಮಾತು ಬೇಡ.

ಎರಡನೇ ಸಲ ಐದು ಗಂಟೆಗೆ ಹೊರಟೆವು, ಹಣೆಗೆ ದೀಪ ಕಟ್ಟಿಕೊಂಡು. ಒಂಬತ್ತೂಕಾಲಿಗೆ ತುದಿಯಲ್ಲಿದ್ದೆವು. ಹನ್ನೊಂದೂವರೆಗೆ ಕೆಳಗೆ ಬರುವಾಗ ಹೊಸ ಶೂ ಹಾಕಿದ ಒಂದು ಗುಂಪು ನಗುನಗುತ್ತಾ ಮೇಲೆ ಹೋಗುತ್ತಿತ್ತು. ಹೇಳಿದೆವು. ಅವರೂ ಆಕಾಶ ತೋರಿಸಿದರು, ತೊಳೆದಿಟ್ಟ ಹಾಗಿತ್ತು.

ಪ್ರಶ್ನೆ: ಮಗ ಅಲ್ಬುಕರ್ಕಿಯಲ್ಲಿದ್ದಾನೆ, ಮುಂದಿನ ತಿಂಗಳು ಹೋಗುತ್ತಿದ್ದೇನೆ. ನನಗೆ 62, ಬಿಪಿ ಮಾತ್ರೆ ತಗೊಳ್ಳುತ್ತೇನೆ. ಅವನು "ಅಮ್ಮಾ, ನೀನು ಕಾರಲ್ಲೇ ಇರು" ಅನ್ನುತ್ತಾನೆ. ಕೆರೆಯವರೆಗಾದರೂ ಹೋಗಬಾರದಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಹೋಗಬಹುದಮ್ಮಾ, ಆದರೆ ಇಳಿದ ವಾರವೇ ಬೇಡ. ಅಲ್ಬುಕರ್ಕಿಯೇ 5,000 ಅಡಿ ಮೇಲಿದೆ, ಅಲ್ಲಿ ಒಂದೆರಡು ವಾರ ಇದ್ದರೆ ಮೈ ಸ್ವಲ್ಪ ಒಗ್ಗುತ್ತದೆ. ಆಮೇಲೆ ಟೌಸ್‌ನಲ್ಲಿ ಒಂದು ರಾತ್ರಿ. ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ "11,000 ಅಡಿಗೆ ಹೋಗುತ್ತೇನೆ" ಎಂದು ಅಂಕಿ ಸಮೇತ ಹೇಳಿ, ಸುಮ್ನೆ "ಬೆಟ್ಟಕ್ಕೆ" ಅಂದರೆ ಅವರಿಗೆ ಗೊತ್ತಾಗುವುದಿಲ್ಲ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುತ್ತವೆ, ಅಲ್ಲಿನ ಒಣಗಾಳಿಯಲ್ಲಿ ಅದನ್ನೂ ಕೇಳಿಕೊಳ್ಳಬೇಕು.

ವಿಲಿಯಮ್ಸ್ ಲೇಕ್‌ಗೆ ಎರಡು ಮೈಲಿ, ಏರು ಸುಮಾರು 800 ಅಡಿ. ಮಾತಾಡುತ್ತಾ ನಡೆಯುವಷ್ಟು ನಿಧಾನ ಹೋಗಿ. ಮಾತು ನಿಂತರೆ ನೀವೂ ನಿಲ್ಲಿ. ಮೂರು ಕಡೆ ಬೆಟ್ಟ, ನಡುವೆ ನೀರು, ನನ್ನನ್ನು ಕೇಳಿದರೆ ಶಿಖರಕ್ಕಿಂತ ಇದೇ ಚೆಂದ. ಸ್ವೆಟರ್ ಮರೆಯಬೇಡಿ, ತೊಟ್ಟ ಬಟ್ಟೆ ಹತ್ತಿಯದ್ದಾದರೆ ಬೆವರಿಗೆ ನೆನೆದು ತಣ್ಣಗಾಗುತ್ತದೆ. ಮಗನಿಗೆ ಹೇಳಿ, ಕಾರಲ್ಲಿ ಅವನೇ ಇರಲಿ.

ಪ್ರಶ್ನೆ: ಮ್ಯಾಪ್‌ನಲ್ಲಿ ಶಿಖರದ ಹತ್ತಿರ ಬ್ಲೂ ಲೇಕ್ ಅಂತ ಇದೆ. ಆ ಕಡೆ ಇಳಿದು ನೋಡಿಕೊಂಡು ಬರಬಹುದಾ?
— ಡೆನ್ವರ್‌ನ ಓದುಗ

ಉತ್ತರ: ಇಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಟೌಸ್ ಪ್ವೆಬ್ಲೋ ಜನರ ಪವಿತ್ರ ಕೆರೆ. 1906ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಅರಣ್ಯಕ್ಕೆ ಸೇರಿಸಿಕೊಂಡಿತು. ಅವರು ಅರವತ್ತು ವರ್ಷಕ್ಕೂ ಜಾಸ್ತಿ ಹೋರಾಡಿದರು. ಬದಲಿಗೆ ಹಣ ಕೊಡುತ್ತೇವೆ ಅಂದಾಗ ಬೇಡ, ಕೆರೆಯೇ ಬೇಕು ಅಂದರು. 1970ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿ ಕೆರೆಯ ಜೊತೆ ಸುಮಾರು 48,000 ಎಕರೆ ವಾಪಸ್ ಕೊಟ್ಟರು. ಹೊರಗಿನವರಿಗೆ ಅಲ್ಲಿಗೆ ಪ್ರವೇಶವಿಲ್ಲ. ಏಣಿನ ಆ ಕಡೆ ಕಾಲಿಡಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ರಜೆ ಇದೆ. ಹಿಮ ಇದ್ದರೂ ರೆಸಾರ್ಟ್ ಪಕ್ಕದಲ್ಲೇ ಅಲ್ವಾ, ಏನಾದರೂ ಆದರೆ ಅವರು ಬರುತ್ತಾರೆ?
— ಫೀನಿಕ್ಸ್‌ನ ದಂಪತಿ

ಉತ್ತರ: ನೋಡಿ, ಮತ್ತೆ ಅದೇ "ಪಕ್ಕದಲ್ಲೇ". ರೆಸಾರ್ಟಿನವರು ತಮ್ಮ ಗಡಿಯೊಳಗಿನ ಇಳಿಜಾರಿನಲ್ಲಿ ಹಿಮವನ್ನು ತಾವೇ ಸಿಡಿಸಿ ಬೀಳಿಸಿ, ಪರೀಕ್ಷೆ ಮಾಡಿ, ಆಮೇಲೆ ಜನರನ್ನು ಬಿಡುತ್ತಾರೆ. ಅಷ್ಟೆಲ್ಲ ಮಾಡಿದರೂ 2019ರ ಜನವರಿಯಲ್ಲಿ ಕಚಿನಾ ಪೀಕ್‌ನ ಇಳಿಜಾರಿನಲ್ಲಿ ಹಿಮ ಕುಸಿದು ಇಬ್ಬರು ಸ್ಕೀ ಮಾಡುವವರು ತೀರಿಕೊಂಡರು. ಗಡಿಯಾಚೆ, ಕೆರೆಯ ಮೇಲಿನ ಮುಖದಲ್ಲಿ, ಯಾರೂ ಏನೂ ಮಾಡಿರುವುದಿಲ್ಲ. ಹಿಮ ಹೆಚ್ಚಾಗಿ ಕುಸಿಯುವುದು 30ರಿಂದ 45 ಡಿಗ್ರಿ ಓರೆಯಲ್ಲಿ, ಆ ಮುಖದ ಓರೆಯೂ ಅದೇ. ಹಿಮಕುಸಿತದ ತರಬೇತಿ, ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೋ ಸಾಧನ), ಸಲಿಕೆ, ಜೊತೆಗೆ ಅದನ್ನು ಬಳಸಲು ಬರುವ ಸಂಗಾತಿ, ಇಷ್ಟಿಲ್ಲದಿದ್ದರೆ ಏಪ್ರಿಲ್ ಬಿಡಿ. ಜೂನ್ ಕೊನೆಗೆ ಬಂದರೆ ಹಿಮವೂ ಕಮ್ಮಿ, ಸಿಡಿಲಿನ ಕಾಲವೂ ಇನ್ನೂ ಜೋರಾಗಿರುವುದಿಲ್ಲ. ಸೆಪ್ಟೆಂಬರ್ ಎರಡನೇ ಅರ್ಧವೂ ಒಳ್ಳೆಯದೇ, ಕೆಳಗೆ ಆಸ್ಪೆನ್ ಮರಗಳು ಹಳದಿಯಾಗಿರುತ್ತವೆ.

ಪ್ರಶ್ನೆ: ಕಳೆದ ವರ್ಷ ಹೋಗಿದ್ದೆ. ಮೇಲೆ ಬ್ಯಾಗ್ ಇಟ್ಟು ಫೋಟೋ ತೆಗೆದು ಬರುವಷ್ಟರಲ್ಲಿ ಅದರ ಪಟ್ಟಿಯನ್ನು ಏನೋ ಕಡಿದು ಹಾಕಿತ್ತು. ಅಳಿಲಿನ ಹಾಗಿತ್ತು, ಆದರೆ ಬೆಕ್ಕಿನಷ್ಟು ದಪ್ಪ. ಏನದು?
— ಅಟ್ಲಾಂಟಾದ ಓದುಗ

ಉತ್ತರ: ಮಾರ್ಮಟ್. ಅಳಿಲಿನ ಸಂಬಂಧಿಯೇ, ವರ್ಷದ ಅರ್ಧಕ್ಕಿಂತ ಜಾಸ್ತಿ ಬಿಲದಲ್ಲಿ ನಿದ್ದೆ ಮಾಡುತ್ತದೆ, ಉಳಿದ ತಿಂಗಳು ತಿಂದು ಉಬ್ಬುತ್ತದೆ. ಅದಕ್ಕೆ ಬೇಕಾಗಿದ್ದದ್ದು ನಿಮ್ಮ ಪಟ್ಟಿಯಲ್ಲ, ಪಟ್ಟಿಗೆ ಅಂಟಿದ್ದ ಬೆವರಿನ ಉಪ್ಪು. ಮುಂದಿನ ಸಲ ಬ್ಯಾಗ್ ಬೆನ್ನ ಮೇಲೇ ಇರಲಿ.