ಎದುರುಮನೆ ಕಿಟಕಿ

ಪ್ರಶ್ನೆ: ಹಿಚ್‌ಕಾಕ್‌ನ ‘ರಿಯರ್ ವಿಂಡೋ’ ಮೊಬೈಲ್‌ನಲ್ಲೇ ನೋಡಬಹುದು. ಥಿಯೇಟರ್‌ಗೆ ಹೋಗಿ ನೋಡೋದರಲ್ಲಿ ಏನಿದೆ ಸಾರ್?

ಉತ್ತರ: ಕತ್ತಲು ಇದೆ! 1954ರ ಈ ಚಿತ್ರದಲ್ಲಿ ಕಾಲು ಮುರಿದುಕೊಂಡ ಜೇಮ್ಸ್ ಸ್ಟುವರ್ಟ್ ಗಾಲಿಕುರ್ಚಿಯಲ್ಲಿ ಕೂತು ಎದುರುಮನೆಗಳನ್ನು ಇಣುಕಿ ನೋಡುತ್ತಾನೆ, ನಾವೂ ಹೆಚ್ಚುಕಡಿಮೆ ಪೂರ್ತಿ ಸಿನಿಮಾ ಅವನ ಪಕ್ಕದಲ್ಲೇ ಕೂತಿರುತ್ತೇವೆ. ಆ ಇಡೀ ವಠಾರ ಪ್ಯಾರಾಮೌಂಟ್ ಸ್ಟುಡಿಯೋದೊಳಗೆ ಕಟ್ಟಿದ ಸೆಟ್. ಮೊಬೈಲ್‌ನಲ್ಲಿ ಆ ಕಿಟಕಿಗಳು ಬೆಂಕಿಪೊಟ್ಟಣಕ್ಕಿಂತ ಚಿಕ್ಕವು. ದೊಡ್ಡ ಪರದೆಯಲ್ಲಿ ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ ಅನ್ನೋದೇ ಫಜೀತಿ. ವಠಾರದ ನಾಯಿ ಸತ್ತ ರಾತ್ರಿ ಎಲ್ಲರೂ ಹೊರಗೆ ಇಣುಕುತ್ತಾರೆ, ಕೊಲೆಗಾರನಿರಬಹುದು ಅಂತ ಸ್ಟುವರ್ಟ್‌ಗೆ ಅನುಮಾನವಿರೋ ಒಂದು ಮನೆಯಲ್ಲಿ ಮಾತ್ರ ಕತ್ತಲು, ಅದರೊಳಗೆ ಸಿಗರೇಟಿನ ತುದಿ ಕೆಂಪಗೆ ಮಿನುಗುತ್ತದಲ್ವಾ, ಅದನ್ನು ಪರದೆ ಮೇಲೇ ನೋಡಬೇಕು. ಆಮೇಲೆ ಆ ಮನೆಯವನು ನೇರ ಈ ಕಡೆ ತಿರುಗಿ ನೋಡಿದಾಗ ನಾನಂತೂ ಸಿಕ್ಕಿಬಿದ್ದ ಕಳ್ಳನ ಹಾಗೆ ಸೀಟಿನಲ್ಲಿ ಹಿಂದೆ ಸರಿದೆ. ಪಕ್ಕದವರ ಪಾಪ್‌ಕಾರ್ನ್ ಸದ್ದೂ ನಿಂತುಹೋಗಿತ್ತು.